ನಲವತ್ತೈದರಲ್ಲಿ ಒಂದು

ಪುಸ್ತಕದಲ್ಲಿ ನಲವತ್ತೈದು ಲೀಟರ್ ಅಂತಿದೆ.
ಜಪಾನಿನ ಕೈಪಿಡಿ, ಯಾರೋ ಚಹಾ ಚೆಲ್ಲಿದ ಪುಟ,
ಟ್ಯಾಂಕಿನ ಚಿತ್ರದ ಪಕ್ಕ ಹಿಂದಿನ ಮಾಲೀಕ
ಪೆನ್ಸಿಲಿನಲ್ಲಿ ಎಳೆದ ಒಂದು ಪ್ರಶ್ನೆಯ ಕೊಕ್ಕೆ.

ತೊಂಬತ್ತೆರಡರ ಮಾಡೆಲ್ಲು, ಎರಡೇ ಸೀಟು,
ಸ್ವಿಚ್ಚೊತ್ತಿದರೆ ರೆಪ್ಪೆ ತೆರೆದು ಮೇಲೇಳುವ ದೀಪ.
ಎಡಗಡೆಯದು ತುಸು ತಡ, ಅದಕ್ಕಿನ್ನೂ ನಿದ್ದೆಗಣ್ಣು.
ರೂವಿಯ ಚರ್ಚಿನೆದುರು ನಿಲ್ಲಿಸಿದ ದಿನ
ಸೆವ್ರಿನ್ ಬಾಯಿ ಒಂದು ಸುತ್ತು ಬಂದು ಕೇಳಿದ್ದು:
"ಹಿಂದಿನ ಸೀಟೆಲ್ಲಿ ಹಿಲ್ಡಾ? ಊರಿಂದ ಯಾರಾದರೂ ಬಂದರೆ?"
ಬಂದರೆ ಟ್ಯಾಕ್ಸಿಯಲ್ಲಿ ಬರಲಿ, ಎಂದೆ.
ಇಪ್ಪತ್ತಾರು ವರ್ಷ ನಾನೂ ಹಾಗೇ ಬಂದವಳು.

ನನ್ನ ಕೆಲಸ ರಕ್ತದ ಲ್ಯಾಬಿನಲ್ಲಿ.
ಮೂರು ಎಂ.ಎಲ್. ಅಂದರೆ ಮೂರು, ಮೂರೂಕಾಲಲ್ಲ.
ಈ ಸೂಜಿಯ ಬುದ್ಧಿ ನೋಡಿ:
ಮುನ್ನೂರು ಕಿಲೋಮೀಟರು ಅರ್ಧದ ಮೇಲೇ ಕೂತಿದ್ದು
ಒಂದು ಸಂಜೆ, ಹೇಳದೆ ಕೇಳದೆ,
ಸಾಲದ ಮಾತೆತ್ತಿದ ಕೂಡಲೇ ನೆಂಟರ ಮುಖ ಇಳಿದ ಹಾಗೆ
ಇಳಿದುಬಿಡುತ್ತದೆ.

ವಾದಿ ಕಬೀರಿನ ಗ್ಯಾರೇಜಿನಲ್ಲಿ ಭಟ್ಕಳದ ಮುಸ್ಬಾ ಭಾಯಿ
ಕೈ ಒರೆಸುತ್ತ ಹೇಳಿದ: "ಸೂಜಿ ನಂಬಬೇಡಿ ಮೇಡಂ.
ಕಾಲು ಟ್ಯಾಂಕಿಗೆ ಬಂತೋ, ತುಂಬಿಸಿ.
ಲೋಕವೆಲ್ಲ ಹಾಗೇ ಓಡಿಸುವುದು."
ಲೋಕವೆಲ್ಲ ಹೌದು. ನಾನೂ.
ಇಪ್ಪತ್ತನೇ ತಾರೀಕಿಗೇ ಪರ್ಸಿನ ಜಿಪ್ಪೆಳೆದು,
ವರ್ಷದ ರಜೆಯಲ್ಲಿ ಹತ್ತು ದಿನ ಮುಟ್ಟದೆ ಇಟ್ಟು
(ಯಾರಾದರೂ ಸತ್ತರೆ ಬೇಕಲ್ಲ),
ತಳ ಕಾಣದಷ್ಟು ಮೇಲೇ ಬದುಕಿದವಳು.

ಅದಕ್ಕೇ ಆ ವಾರ
"ಫುಲ್?" ಅಂದ ಪಂಪಿನ ಹುಡುಗನಿಗೆ
"ಫುಲ್. ಟಿಕ್ ಅಂದ ಮೇಲೆ ಒಂದು ಹನಿಯೂ ಬೇಡ" ಅಂದೆ.
ಟ್ರಿಪ್ ಮೀಟರು ಸೊನ್ನೆ. ಡಿಕ್ಕಿಯಲ್ಲಿ
ಐದು ಲೀಟರಿನ ಕ್ಯಾನು, ನೀರು, ಖರ್ಜೂರ.
ಮೂರು ದಿನ ಆಸ್ಪತ್ರೆ ಮನೆ, ಮನೆ ಆಸ್ಪತ್ರೆ.
ಶುಕ್ರವಾರ ಸೂರಿನ ದಾರಿ, ಎಡಕ್ಕೆ ಕಡಲು,
ಹಡಗು ಕಟ್ಟುವ ಮರದ ವಾಸನೆಯವರೆಗೆ ಹೋಗಿ,
ಇನ್ನೂ ಆಚೆ, ಆಮೆಗಳ ಕಡಲಂಚಿನವರೆಗೆ ಹೋಗಿ,
ತಿರುಗಿದೆ. ಈಗ ಕಡಲು ಬಲಕ್ಕೆ.
ತೀವಿ. ಫಿನ್ಸ್. ಸೂಜಿ ಕೆಂಪಿನ ಕೆಳಗೆ ಮಲಗಿ
ಅರವತ್ತು ಕಿಲೋಮೀಟರಾಯಿತು.

ಬಿಮ್ಮಾ ದಾಟಿದ ಮೇಲೆ, ನಾನೂರ ಎಂಬತ್ತೇಳಕ್ಕೆ,
ಯಾರೋ ಸೆರಗು ಜಗ್ಗಿದ ಹಾಗೆ ಒಂದು ಸಲ,
ಇನ್ನೊಂದು ಸಲ.
ಆಮೇಲೆ ಬರೀ ಟೈರಿನ ಸದ್ದು.
ಆಮೇಲೆ ಅದೂ ಇಲ್ಲ.

ಎಷ್ಟು ಹೊತ್ತು ಕೂತೆನೋ. ಗುಡ್ಡದ ಮೇಲೆ ಮೇಕೆ.
ಬೆನ್ನಿಗೆ ಇಂಜಿನ್ನಿನ ನಡುಕವಿಲ್ಲದೆ
ಸೀಟು ಮೊದಲ ಸಲ ಬರೀ ಕುರ್ಚಿ.
ಪಿಕಪ್ಪು ನಿಲ್ಲಿಸಿದ ಮುದುಕ ಬಗ್ಗಿ ಕೇಳಿದ:
"ಬೆಟ್ರೋಲ್ ಖಲಾಸ್?"
"ಖಲಾಸ್!" ಅಂದೆ. ನಗು ತಡೆಯಲಾಗಲಿಲ್ಲ.
ಕೆಟ್ಟು ನಿಂತು ನಗುವ ಹೆಂಗಸನ್ನು ನೋಡಿ, ಪಾಪ,
ಒಂದು ಲಬನ್ ಪ್ಯಾಕೆಟ್ಟು ಕೊಟ್ಟು ಹೋದ.

ಕ್ಯಾನಿನದ್ದು ಸುರಿದೆ. ಕುರಿಯಾತ್ ಇನ್ನೂ ಮೂವತ್ತು.
ಅಲ್ಲಿ ಟಿಕ್ ಅನ್ನುವವರೆಗೆ ನಲವತ್ತೊಂದು ಪಾಯಿಂಟ್ ಏಳು.
ಲ್ಯಾಬಿನ ಚೀಟಿಯ ಬೆನ್ನಿಗೆ ಕೂಡಿಸಿ, ಕಳೆದು, ಭಾಗಿಸಿದೆ:
ಓಡಿಸಿದ್ದು ನಲವತ್ತನಾಲ್ಕು.
ಲೀಟರಿಗೆ ಹನ್ನೊಂದರ ಮೇಲೆ ಚೂರು.

"ಒಣ ಟ್ಯಾಂಕಿನಲ್ಲಿ ಓಡಿಸಿದಿರಾ!" ಮುಸ್ಬಾ ತಲೆಗೆ ಕೈ ಹೊತ್ತ.
"ಪಂಪಿಗೆ ಪೆಟ್ರೋಲೇ ತಂಪು ಮೇಡಂ, ಸುಟ್ಟುಹೋಗುತ್ತಿತ್ತು!"
ಬೈಗುಳ ಮುಗಿಯಲಿ ಅಂತ ನಿಂತು ಕೇಳಿದೆ:
ಪುಸ್ತಕದ ಇನ್ನೊಂದು ಲೀಟರ್ ಎಲ್ಲಿ?

"ತಳದ ಮೂಲೆಯಲ್ಲಿ. ನಳಿಕೆಗೆ ಎಟುಕುವುದಿಲ್ಲ.
ಕಾರು ಹುಟ್ಟಿದಾಗಿಂದ ಅಲ್ಲೇ ಅಷ್ಟು ಕುಲುಕುತ್ತಿದೆ,
ಯಾವ ಮಾಲೀಕನಿಗೂ ಸಿಕ್ಕಿಲ್ಲ.
ಇಳಿಸಿ ತೊಳೆಯಲಾ? ಹದಿನೆಂಟು ರಿಯಾಲು."

ಬೇಡ, ಎಂದೆ. ಇರಲಿ.

ಕೊಕ್ಕೆಯ ಪಕ್ಕ ನಲವತ್ತನಾಲ್ಕು ಬರೆದೆ,
ಪೆನ್ಸಿಲಿನಲ್ಲೇ. ಕೊಕ್ಕೆ ಅಳಿಸಲಿಲ್ಲ.
ಹೊತ್ತು ಮುಳುಗಿತ್ತು. ಸ್ವಿಚ್ಚೊತ್ತಿದೆ.
ಬಲಗಡೆಯದು ಎದ್ದಿತು.
ಎಡಗಡೆಯದಕ್ಕೆ ಕಾದೆ.