ಹನ್ನೊಂದನೆಯ ಡಬ್ಬಿ

ಲ್ವಿವ್‌ನಲ್ಲಿ ಆ ಚಳಿಗಾಲ
ಕರೆಂಟಿಗೂ ಒಂದು ಪಂಚಾಂಗವಿತ್ತು:
ಎರಡು ಗಂಟೆ ಇರುತ್ತದೆ, ನಾಲ್ಕು ಗಂಟೆ ಇರುವುದಿಲ್ಲ.
ಗಿರಣಿಗೆ ಮಾತ್ರ ಬೇಕಿತ್ತು
ಇಪ್ಪತ್ತು ಗಂಟೆ, ಒಂದೇ ಸಮನೆ.

ಉಕ್ಕಿನ ಡಬ್ಬಿ, ಉಕ್ಕಿನ ಗುಂಡು,
ಒಳಗೆ ಮೆಗ್ನೀಸಿಯಂ, ಚಿಟಿಕೆ ನಿಕ್ಕಲ್.
ಆರ್ಗಾನ್ ತುಂಬಿ ಮುಚ್ಚಳ ಬಿಗಿಯುವುದು ನನ್ನ ಕೆಲಸ.
ಗಾಳಿ ಸೋಕಿತೋ, ಪುಡಿಯ ಮೈಗೆಲ್ಲ ಕಿಲುಬಿನ ಪೊರೆ;
ಹೈಡ್ರೋಜನ್ ಬಾಗಿಲು ಬಡಿದೂ ಬಡಿದೂ
ಹಿಂದಿರುಗಬೇಕು. ಇಲ್ಲವೇ ಬೆಂಕಿ
(ಝೆನೋವಿಯ ಎಡಗೈ ಹೆಬ್ಬೆರಳು ನೋಡಿ).

ಈ ಲೋಹದ್ದು ಉಡದ ಪಟ್ಟು.
ಹಿಡಿಯಲು ತಡ; ಹಿಡಿಯಿತೋ,
ಮುನ್ನೂರು ಡಿಗ್ರಿ ಸುಡದೆ ಬಿಡದು.
ಪಟ್ಟು ಸಡಿಲಿಸಲು ನಿಕ್ಕಲ್ ಹೆಚ್ಚಿಸಿದರೆ
ತೂಕ ಏರುತ್ತದೆ, ಹೊಟ್ಟೆ ಕಿರಿದಾಗುತ್ತದೆ.
ಹದಿನಾಲ್ಕು ವರ್ಷದಿಂದ
ಇದೇ ಚೌಕಾಸಿ.

ಹನ್ನೊಂದನೆಯ ಡಬ್ಬಿ ಒಂಬತ್ತು ಸಲ ನಿಂತಿತು.
ಇಪ್ಪತ್ತು ಗಂಟೆಯ ಕೆಲಸಕ್ಕೆ
ಎರಡು ದಿನ, ಮೇಲೆ ಎಂಟು ತಾಸು.
ನಡುವೆ ಸೈರನ್; ನೆಲಮಾಳಿಗೆಯಲ್ಲಿ
ಮೆಲಾನಿಯಾಳ ಥರ್ಮಾಸಿನ ಬೀಟ್‌ರೂಟ್ ಸಾರು
ಒಂದೇ ಲೋಟದಲ್ಲಿ ಸುತ್ತು ಬಂತು.
ಹಾಳಾಯಿತು ಬಿಡು ಅಂದುಕೊಂಡು
ಚೀಟಿಯ ಮೇಲೊಂದು ಪ್ರಶ್ನೆ ಚಿಹ್ನೆ ಹಾಕಿದೆ.

ಎಸೆಯಲು ಮನಸ್ಸಾಗದೆ ಅಳೆದೆವು.
ಒತ್ತಡದ ಗೆರೆ
ಹಗ್ಗ ಜಾರಿದ ಕೊಡದ ಹಾಗೆ ಇಳಿಯಿತು.
ಉಳಿದ ಹತ್ತು ಡಬ್ಬಿ ತಾಸುಗಟ್ಟಲೆ ಗುಟುಕರಿಸಿದ್ದನ್ನು
ಇದು ಆರು ನಿಮಿಷಕ್ಕೆ ಕುಡಿದು ಮುಗಿಸಿತ್ತು.
ಝೆನೋವಿ ಮೀಟರನ್ನು ಬೆರಳಿನಿಂದ ತಟ್ಟಿದ.
ಮತ್ತೊಮ್ಮೆ, ಎಂದ.
ಮತ್ತೊಮ್ಮೆಯೂ ಆರೇ.

ಬಿಡದೆ ಅರೆದರೆ ಡಬ್ಬಿ ಕಾಯುತ್ತದೆ,
ಒಡೆದ ಕಣ ಮತ್ತೆ ಒಂದಕ್ಕೊಂದು ಅಂಟುತ್ತದೆ.
ನಾವು ಕತ್ತಲಲ್ಲಿ ಕೂತು ಕಾಯುತ್ತಿದ್ದಾಗ
ಅದು ಆರುತ್ತಿತ್ತು;
ಒಡೆದದ್ದು ಒಡೆದೇ ಉಳಿದಿತ್ತು.

"ಹಾಗಂತ ಕತ್ತಲೆಗೆ ನಾನು ಥ್ಯಾಂಕ್ಸ್ ಹೇಳುವವಳಲ್ಲ,"
ಎಂದಳು ಮೆಲಾನಿಯಾ, ಲೋಟ ತೊಳೆಯುತ್ತಾ.
ಯಾರೂ ಹೇಳು ಅಂದಿರಲಿಲ್ಲ.

ಈಗ ಲೇಖನ ಓದಿದ ದೂರದ ಪಂಡಿತರೊಬ್ಬರು
ವಿನಯದಿಂದಲೇ ಕೇಳಿದ್ದಾರೆ:
ವಿರಾಮದ ಅವಧಿಯನ್ನು
ಯಾವ ಆಧಾರದ ಮೇಲೆ ಆರಿಸಿಕೊಂಡಿರಿ?

ಉತ್ತರ ಬರೆಯಲು ಕೂತಿದ್ದೇನೆ.
ಲ್ಯಾಪ್‌ಟಾಪಿನಲ್ಲಿ ಹನ್ನೆರಡು ಪರ್ಸೆಂಟ್ ಉಳಿದಿದೆ.
ಕರೆಂಟು ಬರಲು ಇನ್ನೂ ಒಂದೂಮುಕ್ಕಾಲು ಗಂಟೆ.