ಲೇಬಲ್ಲು ಬರೆಯುವಾಗ

ಬಟವಾಡಿ ಯಾರ್ಡಿನ ಹಿಂದೆ, ತಗಡಿನ ಶೆಡ್ಡಿನಲ್ಲಿ
ಮಾರ್ಚ್ ತಿಂಗಳ ಹನ್ನೊಂದು ಗಂಟೆ.
ಕಲ್ಲಿನ ಮೇಲೆ ಹಣ್ಣು, ಹಣ್ಣಿನ ಮೇಲೆ ಸುತ್ತಿಗೆ,
ಟಕ್ಕೆಂದರೆ ಬೀಜ ಒಂದು ಕಡೆ, ನಾರು ಒಂದು ಕಡೆ.
ನನ್ನದು ಮೂಲೆಯ ಮೇಜು. ಜೆಡ್ಡಾಕ್ಕೆ ಹೋಗುವ
ನಾನೂರು ಡಬ್ಬಗಳಿಗೆ ಲೇಬಲ್ಲು.

"ಸ್ಪೆಲ್ಲಿಂಗು ನೋಡ್ಕಳಮ್ಮ," ಅಂದಿದ್ದರು ಚನ್ನವೀರಣ್ಣ,
"ಹೋದ್ಸಲ ಒಂದಕ್ಷರ ತಪ್ಪಿ ಲೋಡೇ ವಾಪಸ್ಸು."
ನೋಡಿದೆ. ಟ್ಯಾಮರಿಂಡ್.
ಅರ್ಥದ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ
ಅದರ ವಂಶಾವಳಿ:
ಇಂಗ್ಲಿಷಿನವರು ಎತ್ತಿಕೊಂಡದ್ದು ಲ್ಯಾಟಿನ್ನಿನಿಂದ,
ಲ್ಯಾಟಿನ್ನಿನವರು ಅರಬ್ಬರಿಂದ.
ಅಲ್ಲಿ ಅದು ಎರಡು ತುಂಡು:
ತಮರ್. ಹಿಂದಿ.

ಜೋರಾಗಿ ಓದಿದೆನೇನೋ.
ಜೈತೂನ್‌ಬಿಯ ಸುತ್ತಿಗೆ ಗಾಳಿಯಲ್ಲೇ ನಿಂತಿತು.
"ತಮರ್ ಅಂದ್ರೆ ಖರ್ಜೂರ ಕಣವ್ವ.
ತಮರ್ ತಿಂದು ರೋಜಾ ಬಿಡ್ಬೇಕಂತ
ನಮ್ಮ ಹಜ್ರತ್ತು ವರ್ಸಾವರ್ಸ ಹೇಳ್ತಾರೆ."

ಅಂದರೆ, ಹಿಂದ್ ಸೀಮೆಯ ಖರ್ಜೂರ.
ಈ ಹುಳಿಯನ್ನು!
ಹೆಂಗಸರ ಸಾಲಿಗೆ ಸಾಲೇ ನಕ್ಕಿತು.
"ಹೆಸ್ರಿಟ್ಟೋನು ನೋಡಿದ್ದ, ನೆಕ್ಕಿರ್ಲಿಲ್ಲ,"
ಅಂದಳು ಪುಟ್ಟಕೆಂಪಿ, ಸೆರಗಿಗೆ ಕೈ ಒರೆಸುತ್ತ.

ನಾನು ಬಿಡಲಿಲ್ಲ. ಹಿಂದ್ ಎಲ್ಲಿಯದು? ಸಿಂಧುವಿನದು:
ಪಾರಸಿಯವರ ಬಾಯಲ್ಲಿ ಸಕಾರ ಕರಗಿ ಹಕಾರ.
ನಮ್ಮ ಹುಣಸೆಯೂ ಹಾಗೇ, ಹಿಂದೊಮ್ಮೆ ಪುಣಿಸೆ;
ತುಟಿ ಕೂಡಿಸಿ ಅನ್ನಬೇಕಿದ್ದನ್ನು
ಯಾರೋ ಅಜ್ಜಿ, ಹಲ್ಲು ಜುಮ್ಮೆಂದು,
ಬರೀ ಉಸಿರಲ್ಲಿ ಅಂದುಬಿಟ್ಟಿರಬೇಕು.
ದರದ ಹಲಗೆಯ ಮೇಲೆ ಕರಿಪುಳಿಯೊಂದೇ
ಹಳೆಯ ಪಕಾರವನ್ನು ಇನ್ನೂ ಕಚ್ಚಿಕೊಂಡಿದೆ,
ಕ್ವಿಂಟಲ್ಲಿಗೆ ಎಲ್ಲಕ್ಕಿಂತ ಜಾಸ್ತಿ ರೇಟು.
ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ?

ಇಷ್ಟಾಗಿ, ಇನ್ನೊಂದು ಪುಸ್ತಕದ ಪ್ರಕಾರ
ಮರವೇ ಇಲ್ಲಿಯದಲ್ಲವಂತೆ,
ಆಫ್ರಿಕಾದಿಂದ ಎಂದೋ ಕಡಲು ದಾಟಿದ್ದಂತೆ.
ಹೇಳಲೋ ಬೇಡವೋ ಅಂತಲೇ ಹೇಳಿದೆ.
"ಎಲ್ಲಿಂದಾನ ಬರ್ಲಿ," ಪುಟ್ಟಕೆಂಪಿ ತಲೆ ಎತ್ತಲಿಲ್ಲ,
"ಕೇಜಿಗೆ ಎರಡ್ರುಪಾಯಿ ಜಾಸ್ತಿ ಮಾಡ್ತಾರಾ ಕೇಳು."

ಸಂಜೆ. ಅಂಟು ಸವರಿ, ಅರಬ್ಬರ ಮಾತನ್ನು
ಇಂಗ್ಲಿಷಿನ ಅಂಗಿ ತೊಡಿಸಿ
ಅರಬ್ಬರಿಗೇ ವಾಪಸ್ಸು ಕಳಿಸುವ ಹೊತ್ತು.
ಜೈತೂನ್ ಅಂದರೂ ಹಣ್ಣೇ ಅಲ್ಲವಾ, ಕೇಳಿದೆ, ನಿನ್ನ ಹೆಸರು?

ನಲ್ಲಿಯ ಕೆಳಗೆ ಬೆರಳುಜ್ಜುತ್ತಿದ್ದಳು.
ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ.
"ಹೂಂ. ಆಲಿವ್ ಅಂತಾರಂತೆ. ನಾ ಕಂಡಿಲ್ಲ.
ಹುಳಿನೋ, ಸಿಹಿನೋ?"

ನಾನೂ ತಿಂದಿಲ್ಲ.