ತೊರಕೆಯ ಪಕ್ಕದ ಶೆಟ್ಲಿ

ಮೇ ಇಪ್ಪತ್ತೆಂಟು. ಇನ್ನು ಮೂರು ದಿನ,
ಆಮೇಲೆ ಬೋಟುಗಳೆಲ್ಲ ಬೈತಖೋಲದಲ್ಲಿ ಲಂಗರು.
ಊರು ಒಣಮೀನಿಗೆ ಕೈಚಾಚುವ ಹೊತ್ತಿಗೇ
ನಮ್ಮ ಅಂಗಡಿ ಮಾಯ.
ಗ್ರೀನ್ ಸ್ಟ್ರೀಟಿನದಲ್ಲ,
ಅದರ ಶಟರ್ ತೆರೆದೇ ಇತ್ತು, ಬೆಕ್ಕೂ ಕೂತಿತ್ತು.
ಮೊಬೈಲಿನೊಳಗಿನದು.
ಬೆಳ್ಳನೆ ಪುಟ, ನಡುವೆ ಐನೂರ ಮೂರು.

"ಇದು ಯಾರ ಬಾಕಿ?" ಅಂದಳು ಚಂದ್ರಭಾಗಾ ಮಾವಶಿ.
ಅವಳಿಗೆ ಅಂಕಿ ಕಂಡರೆ ಬಾಕಿಯೇ.

ಕೋಡಿಬಾಗದಿಂದ ಇನಾಸ ಬಂದ,
ಜಾಗವಿಲ್ಲದೆ ಲ್ಯಾಪ್‌ಟಾಪನ್ನು ತಕ್ಕಡಿಯ ಮೇಲಿಟ್ಟ.
ಒಂದು ಕಿಲೋ ಎಂಟುನೂರು, ತೋರಿಸಿತು ಅದು.
"ವರ್ಷಕ್ಕೆ ಸಾವಿರದ ಇನ್ನೂರರ ಜಾಗ, ಮಾವಶಿ.
ಒಂದೇ ಯಂತ್ರದಲ್ಲಿ ನಾನೂರು ಅಂಗಡಿ.
ನಿನ್ನೆ ಪಕ್ಕದವನ್ಯಾರೋ ಬಿಟ್ಟಿ ಏನೋ ಹಂಚಿದ,
ಜನ ನುಗ್ಗಿದರು, ನಮ್ಮ ಬಾಗಿಲೂ ಕಟ್ಟಿತು."

ನಾನಿನ್ನೂ ಯಂತ್ರವನ್ನು ಕಣ್ಣಿಗೆ ತಂದುಕೊಳ್ಳುತ್ತಿದ್ದೆ.
ಅವಳ ಮೂಗಿಗೆ ಆಗಲೇ ಬಡಿದಿತ್ತು:
"ತೊರಕೆಯ ಪಕ್ಕ ಶೆಟ್ಲಿ ಒಣಹಾಕಿದ ಹಾಗೆ ಅನ್ನು.
ಅದರ ತಪ್ಪೂ ಅಲ್ಲ, ಇದರ ತಪ್ಪೂ ಅಲ್ಲ.
ಚಾಪೆ ಒಂದೇ."

ಹಾಗಾದರೆ ಸ್ವಂತ ಚಾಪೆ?
ಇಡೀ ಯಂತ್ರ ನಮ್ಮದೇ, ತಿಂಗಳಿಗೆ ಒಂಬತ್ತು ಸಾವಿರ.
ಮಾವಶಿಯ ಗಂಡ ಒಮ್ಮೆ ಟ್ರಾಲರ್ ಕೊಂಡಿದ್ದರು,
ಪಾತಿ ದೋಣಿಯಷ್ಟು ಮೀನಿಗೆ.
ಡೀಸೆಲಿಗೆ ಬಳೆ ಹೋದವು, ಐಸಿಗೆ ಸರ,
ಕೊನೆಗೆ ಬೋಟನ್ನೇ ತದಡಿಯವರು ಎಳೆದುಕೊಂಡು ಹೋದರು.
ಅದನ್ನವಳು ಹೇಳಲಿಲ್ಲ.
ಬರಿಯ ಮಣಿಕಟ್ಟು ಉಜ್ಜಿಕೊಂಡಳು.
ಇನಾಸ ಆ ಪುಟ ಮುಚ್ಚಿದ.

ಕ್ಲೌಡ್ ಅಂತೆ. ಜನ ಬಂದಷ್ಟು ಹಿಗ್ಗುವುದು,
ಬಳಸಿದಷ್ಟಕ್ಕೆ ಬಿಲ್ಲು.
ನನಗೆ ಇಷ್ಟವಾಯಿತು.
"ಬಿಲ್ಲು ಎಷ್ಟೆಂದು ಯಾವಾಗ ಗೊತ್ತಾಗುತ್ತದೆ?"
"ತಿಂಗಳ ಕೊನೆಗೆ."
"ಮೋಡ ನಂಬಿ ಬಂಗಡೆ ಹರವಿದವಳು ನಾನಲ್ಲ."

ಇನ್ನೊಂದು ಕಂಪನಿ ಕೆಂಪಕ್ಷರದಲ್ಲಿ ಅನ್‌ಲಿಮಿಟೆಡ್ ಅಂದಿತು.
ಸಮುದ್ರವೇ ಎರಡು ತಿಂಗಳು ಬಾಗಿಲು ಹಾಕುತ್ತದೆ,
ಇವನ್ಯಾರು?

ನಾನು ವಹಿ ತೆಗೆದೆ.
ದಿನಕ್ಕೆ ಹನ್ನೊಂದು ಗಿರಾಕಿ, ಶನಿವಾರ ಇಪ್ಪತ್ತು,
ಮೇ ಕೊನೆಯ ವಾರ ಆರುನೂರು.
ಅರ್ಧಕ್ಕರ್ಧ ಪುಣೆ, ವಾಸ್ಕೋ. ಮಸ್ಕತ್ತಿನವರು ಒಬ್ಬರು,
ಯಾವಾಗಲೂ ಗಾಲ್ಮೊ, ಯಾವಾಗಲೂ ಕಾಲು ಕಿಲೋ.
ಹಸಿದ ಹೊಟ್ಟೆಗೂ ಉಂಡ ಹೊಟ್ಟೆಗೂ
ಒಂದೇ ಅಂಗಿ ಹೊಲಿಯಬೇಕಿತ್ತು ನಾವು.

ಇನಾಸ ಹೇಳಿದ: ಯಂತ್ರ ಒಂದೇ, ಒಳಗೆ ಗೋಡೆ.
ನಮ್ಮ ಪಾಲು ನಮಗೆ, ತೊರಕೆ ಆಚೆ.
ತಿಂಗಳಿಗೆ ಏಳುನೂರು,
ಮೇಗೆ ಬೇಕಾದರೆ ಕೋಣೆ ದೊಡ್ಡದು ಮಾಡಿಕೊಳ್ಳಬಹುದು.

"ಕೀಲಿಕೈ ಯಾರ ಹತ್ತಿರ?"

ಅವನು ಬೆಕ್ಕಿನ ಕಡೆ ನೋಡಿದ.
ಮೂರು ವರ್ಷದಿಂದ ಅಂಗಡಿಯ ವಿಳಾಸವೂ
ಅವನ ಹೆಸರಿನಲ್ಲೇ ಇತ್ತು. ಯಾರೂ ಕೇಳಿರಲಿಲ್ಲ, ಅದಕ್ಕೆ.
ಸಂಜೆಯೊಳಗೆ ಬದಲಾಯಿತು;
ಓಟಿಪಿಯ ಆರು ಅಂಕಿಯನ್ನು ಮಾವಶಿ
ಬಂದರಿನ ಹರಾಜಿನಂತೆ ಕೂಗಿ ಹೇಳಿದಳು.

ರಾತ್ರಿ ಹನ್ನೊಂದೂವರೆಗೆ ಎದ್ದು ಕೂತಳು.
"ಈಗ ಫೋನ್ ಮಾಡು. ಹಗಲು ಎಲ್ಲರೂ ಎತ್ತುತ್ತಾರೆ."
ಮೊದಲ ಕಂಪನಿಯಲ್ಲಿ ಸಂಗೀತ.
ಹದಿನೇಳು ನಿಮಿಷ ಸಂಗೀತ.
ಎರಡನೆಯದರಲ್ಲಿ ಕೆಮ್ಮು, ಆಮೇಲೆ ಒಬ್ಬ ಹುಡುಗ,
ನಾಗಪುರದವನು.
ಬಾಗಿಲು ಮುರಿದರೆ ಏನು ಮಾಡುತ್ತೀ, ಕೇಳಿದಳು ಮರಾಠಿಯಲ್ಲಿ.
ಅವನು "ನೋಡಿ ಹೇಳುತ್ತೇನೆ" ಅಂದ,
ನೋಡಿ, ಹೇಳಿದ.
ಊಟ ಆಯಿತೇ ಅಂತಲೂ ಕೇಳಿದಳು. ಆಗಿರಲಿಲ್ಲ.

"ಇವನ ಹತ್ತಿರ ಇಡು.
ಆದರೂ ನಕಲು ಒಂದು ಮನೆಯಲ್ಲಿರಲಿ."

ಮೂವತ್ತೊಂದಕ್ಕೆ ಪುಟ ತೆರೆಯಿತು.
ಮೊದಲು ಬಂದವರು ಮಸ್ಕತ್ತಿನವರು. ಕಾಲು ಕಿಲೋ.

ಉಪ್ಪಿನ ಡಬ್ಬಿಯ ಹಿಂದೆ ಪೆನ್‌ಡ್ರೈವ್ ಈಗಲೂ ಇದೆ,
ತಿಂಗಳಿಗೊಮ್ಮೆ ತೆಗೆದು ಹೊಸ ನಕಲು ತುಂಬುತ್ತೇನೆ,
ಆಮೇಲೆ ಎಷ್ಟು ಸೋಪು ಹಾಕಿ ತೊಳೆದರೂ
ಬೆರಳು ಗಾಲ್ಮೊ ನಾರುತ್ತದೆ.